ಕದ್ದ ಎಣ್ಣೆಯ ಭಜಿ

ಒಂದು ಊರಿನಲ್ಲಿ ಒಂದು ಎಣ್ಣೆ ಗಿರಣಿ ಇತ್ತು. ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಮುನಿಸಿಕೊಳ್ಳುತ್ತಾರೆ. ಹೇಳದಿದ್ದರೆ ಪ್ರತಿ ಊರಿನವರೂ ಪಕ್ಕದ ಊರಿಗೆ ಕೈ ತೋರಿಸಿ ನಗುತ್ತಾರೆ. ನಗಲಿ ಬಿಡಿ, ಕತೆ ಕೇಳುವವರು ನಗುತ್ತಿದ್ದರೇ ಚೆಂದ.

ಗಿರಣಿಯ ಎಣ್ಣೆಗೆ ‘ಬಾಳವ್ವ ಶೇಂಗಾ ಎಣ್ಣೆ’ ಅಂತ ಹೆಸರು. ಬಾಳವ್ವ ಅಂದರೆ ಗಿರಣಿ ಮಾಲೀಕ ಸಂಗಣ್ಣನ ತಾಯಿ. ಗಂಡ ತೀರಿಹೋದ ಮೇಲೆ ಒಂದು ಗಾಣ, ಒಂದು ಎತ್ತು ಇಟ್ಟುಕೊಂಡು ಮಗನನ್ನು ಬೆಳೆಸಿದಾಕೆ. ಮಗ ದೊಡ್ಡವನಾಗಿ ಗಾಣದ ಜಾಗದಲ್ಲೇ ಗಿರಣಿ ಕಟ್ಟಿದ. ತಾಯಿಯನ್ನು ಮರೆಯಲಿಲ್ಲ. ಪ್ರತಿ ಡಬ್ಬಿಯ ಮೇಲೂ ಆಕೆಯ ಚಿತ್ರ ಹಾಕಿಸಿದ. ಹಣೆ ತುಂಬ ವಿಭೂತಿ, ತಲೆಯ ಮೇಲೆ ಸೆರಗು, ಮುಂದಿನ ಹಲ್ಲೊಂದು ಇಲ್ಲದ ನಗು. ಆ ನಗು ನೋಡಿಯೇ ಮಂದಿ ಡಬ್ಬಿ ಕೊಳ್ಳುತ್ತಿದ್ದರು. ಇಂಥ ಮುದುಕಿ ಮೋಸ ಮಾಡುತ್ತಾಳೆಯೇ?

ಮೋಸ ಆಕೆ ಮಾಡಿರಲಿಲ್ಲ. ಹಾಗೆ ನೋಡಿದರೆ ಯಾರೂ ಮಾಡಿರಲಿಲ್ಲ. ಅದೇ ಈ ಕತೆಯ ತಮಾಷೆ.

ಶೇಂಗಾ ತುಟ್ಟಿಯಾದ ವರ್ಷ ಸಂಗಣ್ಣ ಆಫೀಸಿನವರನ್ನು ಕೂಡಿಸಿ ಒಂದೇ ಮಾತು ಹೇಳಿದ. “ಖರ್ಚು ಇಳೀಬೇಕು. ಹೆಂಗ ಅಂತ ನನ್ನ ಕೇಳಬ್ಯಾಡ್ರಿ.”

ಅಷ್ಟೇ. ಅವನು ಬರೀ ಹೇಳಿದ.

ಖರೀದಿ ನೋಡಿಕೊಳ್ಳುವ ಗುರುಪಾದಪ್ಪ, ಶಹರದ ಹೋಟೆಲುಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಟ್ಯಾಂಕರಿನಲ್ಲಿ ತರಿಸಿದ. ಅವನು ಬರೀ ತರಿಸಿದ. ಲ್ಯಾಬಿನ ಶ್ರೀಹರಿ ಆ ಕಪ್ಪನ್ನು ತಿಳಿ ಮಾಡುವ ಪುಡಿ ಯಾವುದು, ಶೇಂಗಾ ವಾಸನೆ ಬರಿಸುವ ಸೀಸೆ ಯಾವುದು ಅಂತ ಹೇಳಿಕೊಟ್ಟ. ಬರೀ ಹೇಳಿಕೊಟ್ಟ. ಸರಕಾರಕ್ಕೆ ಕಳಿಸುವ ತಪಾಸಣೆ ಬಾಟಲಿಯನ್ನು ಮಾತ್ರ ಬೇರೆ ಇಟ್ಟಿದ್ದ ಒಳ್ಳೆ ಎಣ್ಣೆಯ ದೊಡ್ಡ ಟಾಕಿಯಿಂದ ತುಂಬಿಸುತ್ತಿದ್ದ. ಮಾರಾಟದ ವಿಲಾಸರಾವ್ ಡಬ್ಬಿಯ ಮೇಲೆ ‘ಅವ್ವನ ಕೈಯಷ್ಟೇ ಶುದ್ಧ’ ಅಂತ ಬರೆಸಿದ. ಬರೀ ಬರೆಸಿದ. ಟಾಕಿಯ ನಳ ತಿರುಗಿಸುವವನಿಗೆ ಯಾವುದರಲ್ಲಿ ಏನಿದೆ ಅಂತ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಕಲಬೆರಕೆ ಅನ್ನುವ ಮಾತು ಆ ಆಫೀಸಿನಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. “ಎಣ್ಣಿ ಹದಾ ಮಾಡೋದು” ಅನ್ನುತ್ತಿದ್ದರು. ಎಷ್ಟು ಚೆಂದದ ಮಾತು ನೋಡಿ. ಕೇಳಿದರೆ ಹಸಿವಾಗಬೇಕು.

ಶ್ರೀಹರಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದನ್ನು ಕಂಡು ಊಟ ಸೇರದೆ ಒದ್ದಾಡಿದ್ದ. ಆಗ ಗುರುಪಾದಪ್ಪನೇ ಹೆಗಲ ಮೇಲೆ ಕೈ ಹಾಕಿ ಚಹದ ಅಂಗಡಿಗೆ ಕರೆದುಕೊಂಡು ಹೋದ.

“ತಮ್ಮಾ, ಎಲ್ಲಾ ಗಿರಣ್ಯಾಗೂ ಹದಾ ಮಾಡತಾರ. ನಾವ ಒಬ್ರು ಬಿಟ್ರ ನಮ್ಮ ಗಿರಣಿ ಮುಚ್ಚತೈತಿ. ಮುಚ್ಚಿದ್ರ ಇಷ್ಟು ಮಂದಿ ಹಮಾಲರ ಹೊಟ್ಟಿ ಮ್ಯಾಲೆ ಕಲ್ಲು ಬಿದ್ದಂಗ. ಆ ಪಾಪ ಬೇಕೇನು ನಿನಗ?”

ಚಹ ಆರುವುದರೊಳಗೆ ಶ್ರೀಹರಿಗೂ ಅದು ಸರಿ ಅನ್ನಿಸಿತು. ಇಂಥ ಕೆಲಸ ಕಲಿಸುವುದಕ್ಕೆ ಗಡ್ಡ ಬಿಟ್ಟ ದರೋಡೆಕೋರ ಬೇಕಿಲ್ಲ. ಚಹದ ದುಡ್ಡು ತಾನೇ ಕೊಡುವ ಒಬ್ಬ ಹಿರಿಯ ಸಾಕು.

ಇವರೆಲ್ಲ ಕೆಟ್ಟ ಜನ ಅಂದುಕೊಳ್ಳಬೇಡಿ. ಗುರುಪಾದಪ್ಪ ಬೀದಿನಾಯಿಗಳಿಗೆ ದಿನಾ ಬಿಸ್ಕೀಟು ಹಾಕುತ್ತಿದ್ದ. ಶ್ರೀಹರಿ ಹೆಂಡತಿಗೆ ಜ್ವರ ಬಂದರೆ ತಾನೇ ರೊಟ್ಟಿ ಬಡಿಯುತ್ತಿದ್ದ. ವಿಲಾಸರಾವ್ ಯಾರ ಮದುವೆಗೆ ಹೋದರೂ ಕೊನೆಯ ಪಂಕ್ತಿಯವರೆಗೆ ನಿಂತು ಬಡಿಸುತ್ತಿದ್ದ. ಸಂಗಣ್ಣನಂತೂ ತಾಯಿಯ ಕಾಲು ಮುಟ್ಟದೆ ಮನೆಯಿಂದ ಹೊರಡುತ್ತಿರಲಿಲ್ಲ. ಆದರೆ ಒಂದು ಮಾತು. ಇವರಲ್ಲಿ ಒಬ್ಬರ ಮನೆಯಲ್ಲೂ ಬಾಳವ್ವ ಎಣ್ಣೆಯ ಡಬ್ಬಿ ಇರಲಿಲ್ಲ. ಬಾಳವ್ವನ ಅಡುಗೆಮನೆಗೆ ಒಳ್ಳೆ ಟಾಕಿಯಿಂದ ಸ್ಟೀಲಿನ ಕ್ಯಾನಿನಲ್ಲಿ ಎಣ್ಣೆ ಹೋಗುತ್ತಿತ್ತು. ಪಾಪ, ಆಕೆ ಊರಿಗೆಲ್ಲ ಅದನ್ನೇ ಮಾರುತ್ತಾರೆ ಅಂದುಕೊಂಡಿದ್ದಳು.

ದೀಪಾವಳಿಗೆ ಗಿರಣಿಯವರು ಆಫೀಸಿನವರಿಗೆಲ್ಲ ಒಂದೊಂದು ಡಬ್ಬಿ ಎಣ್ಣೆ ಕೊಡುವುದು ರೂಢಿ. ಅವರು ನಕ್ಕು ಇಸಿದುಕೊಳ್ಳುತ್ತಿದ್ದರು, ಗೇಟು ದಾಟುವುದರೊಳಗೆ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಿದ್ದರು. ಆ ವರ್ಷ ಗುರುಪಾದಪ್ಪನ ಡಬ್ಬಿ ಹಮಾಲಿ ಮಾಡುವ ಯಮನೂರಪ್ಪನ ಕೈಗೆ ಬಂತು.

ಯಮನೂರಪ್ಪ ಹರೆಯದಿಂದ ಆ ಡಬ್ಬಿಗಳನ್ನು ಲಾರಿಗೆ ಹೇರಿದವನು. ಮನೆಯಲ್ಲಿ ಮಾತ್ರ ಅಂಗಡಿಯ ಲೂಜ್ ಎಣ್ಣೆ. ಡಬ್ಬಿ ಸಿಕ್ಕ ದಿನ ಅವನು ಗುರುಪಾದಪ್ಪನಿಗೆ ಬಗ್ಗಿ ಕೈಮುಗಿದ. “ದೇವರಂಥಾವ್ರು ಸಾಹೇಬ್ರ ನೀವು” ಅಂದ. ಅದನ್ನು ತಾನು ಮುಟ್ಟಲಿಲ್ಲ. ಮಗಳು ಹುಲಗಿ ಬಾಣಂತಿಯಾಗಿ ಗಂಡನ ಮನೆಯಲ್ಲಿದ್ದಳು. ಸೀಲು ಒಡೆಯದೆ ಆಕೆಗೆ ಕಳಿಸಿದ. ಬೀಗರು ಬಾಯಿ ಚಪ್ಪರಿಸಿಕೊಂಡು ಉಂಡರಂತೆ.

ಕೆಲವು ತಿಂಗಳ ಮೇಲೆ ಬೀಗರು ಇವನ ಮನೆಗೆ ಬರುತ್ತೇವೆ ಅಂತ ಹೇಳಿ ಕಳಿಸಿದರು. ಮೊಮ್ಮಗನನ್ನೂ ಕರೆತರುತ್ತಾರೆ. “ನಿಮ್ಮ ಗಿರಣಿ ಎಣ್ಣ್ಯಾಗ ಮಿರ್ಚಿ ಭಜಿ ತಿನ್ನಸ್ರಿ ಮತ್ತ” ಅಂತ ಒಂದು ಚೇಷ್ಟೆಯ ಮಾತೂ ಬಂತು. ಡಬ್ಬಿ ಕೊಳ್ಳುವಷ್ಟು ದುಡ್ಡು ಯಮನೂರಪ್ಪನ ಕೈಯಲ್ಲಿ ಇರಲಿಲ್ಲ. ಆವತ್ತು ಲಾರಿಗೆ ಹೇರುವಾಗ ಒಂದು ಡಬ್ಬಿ ನೆಗ್ಗಿ ಸೋರತೊಡಗಿತು. ಯಮನೂರಪ್ಪ ಕೆಳಗೆ ನೀರಿನ ಬಾಟಲಿ ಹಿಡಿದ. ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ಗೇಟಿನಲ್ಲಿ ಸಿಕ್ಕಿಬಿದ್ದ. ಆ ಗೇಟಿನಲ್ಲಿ ಹಮಾಲರ ಬುತ್ತಿಗಂಟು ಬಿಚ್ಚಿ ನೋಡುತ್ತಿದ್ದರು. ಟ್ಯಾಂಕರ್ ಬಂದರೆ ಸಲಾಮು ಹೊಡೆದು ಒಳಗೆ ಬಿಡುತ್ತಿದ್ದರು.

ಆಫೀಸಿನಲ್ಲಿ ಕೂಟ ಸೇರಿತು. ಯಮನೂರಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಬಾಟಲಿ ಮೇಜಿನ ಮೇಲೆ.

“ಇವತ್ತ ಬಾಟ್ಲಿ, ನಾಳೆ ಡಬ್ಬಿ, ನಾಡದ ಲಾರಿ” ಅಂದ ವಿಲಾಸರಾವ್. “ಕಂಪನಿ ಹೆಸರು ಏನಾಗಬೇಕು?”

“ನಂಬಿಕಿ ಪ್ರಶ್ನೆರೀ ಇದು” ಅಂದ ಶ್ರೀಹರಿ, ನಿಜವಾಗಿ ನೊಂದುಕೊಂಡು.

“ಧಣ್ಯಾರ, ತಪ್ಪಾತ್ರಿ. ಪಗಾರದಾಗ ಹಿಡೀರಿ. ಕೆಲಸಾ ಬಿಡಸಬ್ಯಾಡ್ರಿ” ಅಂದ ಯಮನೂರಪ್ಪ. “ಈ ವಯಸ್ಸಿನ್ಯಾಗ ನನಗ ಯಾರು ಮೂಟಿ ಹೊರಸ್ತಾರ್ರೀ?”

ಸಂಗಣ್ಣ ಪೊಲೀಸರಿಗೆ ಫೋನ್ ಮಾಡಲು ಹೇಳಿದ. ಅಷ್ಟರಲ್ಲಿ ಕೋಲು ಊರುವ ಸದ್ದಾಯಿತು. ಗಿರಣಿಯ ಅಂಗಳದಲ್ಲೇ ಮನೆ ಇದ್ದುದರಿಂದ ಬಾಳವ್ವನ ಕಿವಿಗೆ ಸುದ್ದಿ ಬೀಳಲು ಹೊತ್ತು ಬೇಕಾಗುತ್ತಿರಲಿಲ್ಲ.

“ಏನ ಸಂಗಾ, ಪೊಲೀಸರನ್ನ ಕರಸ್ತೀಯಂತ?”

“ಅವ್ವಾ, ನೀ ಯಾಕ ಬಂದಿ ಬಿಸಿಲಾಗ? ಇಂವ ಎಣ್ಣಿ ಕದ್ದಾನ.”

“ಕದ್ದಾನ, ಹೌದು. ಕದ್ದವರಿಗೆ ನಮ್ಮ ಗಾಣದ ಮನ್ಯಾಗ ಏನು ಮಾಡತಿದ್ವಿ, ನೆನಪೈತೇನು?”

ಸಂಗಣ್ಣನಿಗೆ ನೆನಪಿತ್ತು. ಗಾಣದ ಮನೆಯಲ್ಲಿ ಯಾರಾದರೂ ಎಣ್ಣೆ ಕದ್ದು ಸಿಕ್ಕರೆ ಹೊಡೆಯುವ ಹಾಗಿಲ್ಲ, ಚಾವಡಿಗೆ ಎಳೆಯುವ ಹಾಗಿಲ್ಲ. ಆ ಕದ್ದ ಎಣ್ಣೆಯಲ್ಲೇ ಭಜಿ ಕರಿಯಬೇಕು. ಕದ್ದವನನ್ನು ಯಜಮಾನನ ಪಕ್ಕ ಕೂರಿಸಬೇಕು. ಮನೆಮಂದಿಯೆಲ್ಲ ಅವನ ಜೊತೆ ತಿನ್ನಬೇಕು. ಕದ್ದ ಮನೆಯಲ್ಲೇ ಕೂತು ಉಂಡವನು ಮತ್ತೆ ಆ ಮನೆಯ ಮೇಲೆ ಕೈ ಹಾಕಲಾರ ಅನ್ನುವುದು ಹಿರಿಯರ ಲೆಕ್ಕ. ಶಿಕ್ಷೆ ಅಷ್ಟಕ್ಕೇ ತೀರಿತು. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ.

“ಅದು ಗಾಣದ ಕಾಲ ಅವ್ವಾ. ಈಗ ಕಂಪನಿ ಐತಿ.”

“ಕಂಪನ್ಯಾಗ ಭಜಿ ತಿನ್ನಂಗಿಲ್ಲೇನು?” ಬಾಳವ್ವ ನಕ್ಕಳು. “ಡಬ್ಬಿ ಮ್ಯಾಲೆ ನನ್ನ ಮಾರಿ ಹಾಕೀರಿ. ಒಂದು ಮಾತು ನಂದೂ ನಡೀಲಿ. ಎಲ್ಲಾರೂ ಬರ್ರಿ ಮನಿಗೆ. ಉಂಡ ಮ್ಯಾಲೂ ಪೊಲೀಸರು ಬೇಕನ್ನಿಸಿದ್ರ ಕರೀರಿ.”

ಆಕೆಗೆ ಯಮನೂರಪ್ಪನ ಕೆಲಸ ಉಳಿಸುವ ಆಸೆ, ಬೇರೇನೂ ಇರಲಿಲ್ಲ. ಆದರೆ ಸಂಗಣ್ಣನ ಕಣ್ಣು ಬಾಟಲಿಯ ಮೇಲೆ ಹೋಯಿತು. ಮೇಜಿನ ಮೇಲಿದ್ದ ಎಣ್ಣೆ ಡಬ್ಬಿಯದು, ಕ್ಯಾನಿನದಲ್ಲ. ಅವನು ಶ್ರೀಹರಿಗೆ ಕಣ್ಸನ್ನೆ ಮಾಡಿದ. ಶ್ರೀಹರಿ ಮುಂದೆ ಬಂದು, “ತರ್ರಿ ಅವ್ವಾರ, ಬಾಟ್ಲಿ ನಾ ಹಿಡಕೊಂಡು ಬರತೀನಿ” ಅಂದ. ಒಳ್ಳೆ ಟಾಕಿಯ ಎಣ್ಣೆಗೆ ಅದಲುಬದಲು ಮಾಡುವ ಉಪಾಯ.

“ಬ್ಯಾಡಪಾ” ಅಂದಳು ಬಾಳವ್ವ. “ಕದ್ದ ಮಾಲು ಮನಿ ಹಿರ್ಯಾರ ಕೈಯಾಗ ಇರಬೇಕು, ಅದೂ ಪದ್ಧತಿನ.” ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂಸನ್ನು ಎತ್ತಿಕೊಂಡ ಹಾಗೆ ಹೊರಟಳು.

ಒಲೆಯ ಮುಂದೆ ತಾನೇ ಕೂತಳು. ಸೊಸೆ ಹಿಟ್ಟು ಕಲಸಿದಳು. ನೆರೆಮನೆಯಾಕೆ ಮೆಣಸಿನಕಾಯಿ ಸೀಳಿ ಕೊಟ್ಟಳು. ಎಣ್ಣೆ ಕಾದು ಭಜಿ ಬಿಟ್ಟಾಗ ಬಾಣಲೆ ತುಂಬ ನೊರೆ ಎದ್ದಿತು.

“ಬಾಣಲಿ ಚಲೋತ್ನಾಗಿ ತೊಳದಿಲ್ಲೇನ ಯವ್ವಾ?” ಅಂತ ಸೊಸೆಯನ್ನು ಗದರಿದಳು. ಸೊಸೆ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅಡುಗೆಮನೆಗೆ ಕ್ಯಾನ್ ಯಾಕೆ ಬೇರೆಯಾಗಿ ಬರುತ್ತದೆ ಅಂತ ಆಕೆಗೂ ಗೊತ್ತಿತ್ತು ಅನ್ನಿಸುತ್ತದೆ.

ಪಡಸಾಲೆಯಲ್ಲಿ ಸಾಲಾಗಿ ಕೂತರು. ಸಂಗಣ್ಣ, ಅವನ ಪಕ್ಕ ಯಮನೂರಪ್ಪ, ಆಮೇಲೆ ಗುರುಪಾದಪ್ಪ, ಶ್ರೀಹರಿ, ವಿಲಾಸರಾವ್. ಎದುರಿಗೆ ಬಾಳವ್ವ. ಎಲ್ಲರ ತಾಟಿಗೂ ಬಿಸಿ ಭಜಿ ಬಿತ್ತು.

ಯಮನೂರಪ್ಪ ನಾಚಿಕೆಯಿಂದ ಒಂದು ತಿಂದ. ಆಮೇಲೆ ಇನ್ನೊಂದು. ಕಣ್ಣಲ್ಲಿ ನೀರು ಬಂತು. ಖಾರಕ್ಕೋ, ಮನಸ್ಸಿಗೋ. “ಅವ್ವಾರ, ಇಷ್ಟು ವರ್ಷ ಹೆಗಲ ಮ್ಯಾಲೆ ಹೊತ್ತೀನ್ರಿ ಈ ಎಣ್ಣಿ. ಬಾಯಾಗ ಇಟ್ಟದ್ದು ಇವತ್ತ” ಅಂದ.

“ತಿನ್ನಪಾ, ತಿನ್ನು. ಅಯ್ಯ, ನೀವ್ಯಾಕ ಕುಂತೀರಿ? ಗುರುಪಾದಪ್ಪಾ?”

“ನಂದು ಇವತ್ತ ಒಪ್ಪತ್ತರೀ ಅವ್ವಾರ.”

“ಸೋಮವಾರ ಅಲ್ಲಲ್ಲೋ ಇವತ್ತ. ಶ್ರೀಹರಿ?”

“ಪಿತ್ತ ಆಗೇತ್ರಿ.”

“ವಿಲಾಸರಾವ್?”

“ಕರಿದದ್ದು ಮುಟ್ಟಬ್ಯಾಡ ಅಂದಾರ್ರಿ ಡಾಕ್ಟರು.”

“ಸಾಹೇಬ್ರ,” ಅಂದ ಯಮನೂರಪ್ಪ ಅವನಿಗೆ, ಬಾಯಿ ತುಂಬಿಕೊಂಡೇ, ಬರೀ ಕಾಳಜಿಯಿಂದ, “ಮುಂಜಾನಿ ಬಸ್‌ಸ್ಟ್ಯಾಂಡಿನ್ಯಾಗ ವಡಾ ತಿನ್ನಾಕತ್ತಿದ್ರಲ್ರೀ. ಅದಕ್ಕ ಆಗಿರಬೇಕು ನೋಡ್ರಿ ತ್ರಾಸು.”

ಬಾಳವ್ವ ನಕ್ಕಳು. ನಗುತ್ತಲೇ ಮಗನ ತಾಟು ನೋಡಿದಳು. ಅದೂ ಹಾಗೇ ಇತ್ತು.

“ಇದೇನ್ರೋ? ಒಂದ ಗಿರಣ್ಯಾಗ ಇಷ್ಟು ಮಂದಿಗೆ ಒಂದ ದಿನ ಹೊಟ್ಟಿ ಕೆಡತೈತೇನು? ಬಡವನ ಸಂಗಾಟ ಉಣ್ಣಾಕ ನಾಚಿಕಿ ಬಂತೇನು ನಿಮಗ? ಬಿಡ್ರಿ, ಅವನ ಸಂಗಾಟ ನಾ ಉಣ್ತೀನಿ.”

ಆಕೆ ತನ್ನ ತಾಟಿನಿಂದ ಭಜಿ ಎತ್ತಿದಳು. ಸಂಗಣ್ಣ ನೋಡುತ್ತ ಕೂತ. ಮಾತಾಡಿದರೆ ಗಿರಣಿ ಹೋಗುತ್ತದೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಒಂದು ಭಜಿಗೆ ಯಾರು ಸಾಯುತ್ತಾರೆ? ಇಷ್ಟು ದಿನ ಅವನು ತನಗೆ ತಾನೇ ಹೇಳಿಕೊಂಡಿದ್ದೂ ಇದನ್ನೇ. ಆದರೆ ಇಷ್ಟು ದಿನ ಅದು ಯಾರದೋ ಬಾಯಿ. ಈಗ ಬಿಸಿ ಆರಲಿ ಅಂತ ಊದುತ್ತಿದ್ದ ಬಾಯಿ ಬಾಳವ್ವನದು. ಚಿಕ್ಕಂದಿನಲ್ಲಿ ಅವನ ಗಂಜಿಯನ್ನು ಊದಿ ಊದಿ ಆರಿಸಿ ಕುಡಿಸಿದ ಬಾಯಿ.

ಅವನು ಎದ್ದು ಹೋಗಿ ತಾಯಿಯ ಕೈ ಹಿಡಿದುಕೊಂಡ.

“ಅವ್ವಾ, ತಿನ್ನಬ್ಯಾಡ.”

“ಯಾಕೋ?”

“ಇದು ನಮ್ಮ ಮನಿಗೆ ಬರೋ ಎಣ್ಣಿ ಅಲ್ಲ. ಇದು... ಮಂದಿಗೆ ಮಾರೋದು.”

ಸಂಗಣ್ಣ ಕೂತು ಎಲ್ಲ ಹೇಳಿದ. ಟ್ಯಾಂಕರು, ಪುಡಿ, ವಾಸನೆಯ ಸೀಸೆ, ಎರಡು ಟಾಕಿ. ಬಾಳವ್ವ ಭಜಿಯನ್ನು ತಾಟಿನಲ್ಲಿ ಇಟ್ಟಳು.

“ಮಂದಿ ನನ್ನ ಮಾರಿ ನೋಡಿ ತಗೋತಾರ. ಅದನ್ನ ನಾ ತಿನ್ನಬಾರದು, ಅಲ್ಲ?” ಅಂದಳು. ಆಮೇಲೆ ಕೇಳಿದಳು, “ಕಲಸಿದಾಂವ ಯಾಂವ?”

“ನಾ ಬರೇ ಖರ್ಚು ಇಳಸ್ರಿ ಅಂದೆ ಅವ್ವಾ.”

“ನಾ ಬರೇ ತರಿಸೀನ್ರಿ” ಅಂದ ಗುರುಪಾದಪ್ಪ. “ಕಲಸೋದು ನನ್ನ ಕೆಲಸಲ್ಲ.”

“ನಾ ಬರೇ ಹೇಳೀನ್ರಿ” ಅಂದ ಶ್ರೀಹರಿ.

“ನನ್ನ ಕೈಗೆ ಬರೋದು ಸೀಲಾದ ಡಬ್ಬೀರಿ” ಅಂದ ವಿಲಾಸರಾವ್.

ಬಾಳವ್ವ ತಾಟಿನ ಭಜಿಯತ್ತ ಬೆರಳು ತೋರಿಸಿದಳು. “ಹಿಟ್ಟು ಕಲಸಿದಾಕಿ ನನ್ನ ಸೊಸಿ. ಮೆಣಸಿನಕಾಯಿ ಸೀಳಿದಾಕಿ ಬಾಜು ಮನಿಯಾಕಿ. ಕಡ್ಲಿ ಬೀಸಿದಾಂವ ಹಿಟ್ಟಿನ ಗಿರಣಿಯಾಂವ. ನಾ ಬರೇ ಎಣ್ಣ್ಯಾಗ ಬಿಟ್ಟೆ. ಹಂಗಾದ್ರ ಈ ಭಜಿ ಯಾರೂ ಮಾಡೇ ಇಲ್ಲ, ತಾವ ಆದವು. ಹೌದಲ್ಲ?”

ಆಗ ಯಮನೂರಪ್ಪ ಕೈಯಲ್ಲಿದ್ದ ಅರ್ಧ ಭಜಿಯನ್ನು ಮೆಲ್ಲಗೆ ಕೆಳಗಿಟ್ಟ. ಗುರುಪಾದಪ್ಪನ ಕಡೆ ತಿರುಗಿದ.

“ಸಾಹೇಬ್ರ, ದೀಪಾವಳಿಗೆ ನೀವು ಕೊಟ್ಟ ಡಬ್ಬಿ... ಅದೂ ಇದನ್ರೀ? ನನ್ನ ಮಗಳು ಆಗ ಬಾಣಂತಿ ಇದ್ಲರೀ. ಅಕಿಗೆ ಕಳಿಸೀನ್ರಿ ಅದನ್ನ.”

ನಾಯಿಗೆ ಬಿಸ್ಕೀಟು ಹಾಕುವ ಆ ಮನುಷ್ಯ ಟವೆಲಿನಿಂದ ಮುಖ ಮುಚ್ಚಿಕೊಂಡ.

ಬಾಳವ್ವ ಮಗನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಬೈಯಲಿಲ್ಲ. ತಲೆ ಸವರುವ ದನಿಯಲ್ಲೇ ಹೇಳಿದಳು. “ನನ್ನ ಕೈ ಹಿಡದಿ, ಚಲೋ ಆತು ಸಂಗಾ. ಮಗಾ ಅನ್ನೋದು ಉಳಿಸಿಕೊಂಡಿ. ಆದ್ರ ನಿನ್ನ ಬಾಜೂಕ ಕುಂತು ಇಂವ ತಿಂದ. ಒಂದು ತಿಂದ, ಎರಡು ತಿಂದ. ಇವನ ಕೈ ನೀವು ಯಾರೂ ಹಿಡೀಲಿಲ್ಲ.”

ಸಂಗಣ್ಣನಿಗೆ ಅಳು ಬಂತು. ಗಿರಣಿ ಹೋಗುತ್ತದೆ ಅಂತ ಬಂದ ಅಳು ಅಲ್ಲ ಅದು. ಪಕ್ಕದಲ್ಲೇ ಕೂತವನು ಅವನಿಗೆ ನಿಜಕ್ಕೂ ಕಂಡಿರಲಿಲ್ಲ.

“ಈಗ ನಾ ಏನು ಮಾಡಲವ್ವಾ?”

“ಪೊಲೀಸರಿಗೆ ಫೋನ್ ಹಚ್ಚತೀನಿ ಅಂದಿದ್ದಿಯಲ್ಲ, ಹಚ್ಚು. ಎಣ್ಣಿ ಕಳ್ಳರು ಸಿಕ್ಕಾರ ಅನ್ನು. ಎಷ್ಟು ಮಂದಿ ಅಂತ ಕೇಳಿದ್ರ, ನೀವು ತಿನ್ನದ ಬಿಟ್ಟ ತಾಟು ಎಣಿಸಿ ಹೇಳು.”

ಸಂಗಣ್ಣ ಫೋನ್ ಮಾಡಿದ. ಯಾರ ಕೈಯಲ್ಲೂ ಮಾಡಿಸಲಿಲ್ಲ, ತಾನೇ ಮಾಡಿದ. ಅಧಿಕಾರಿಗಳು ಬಂದರು. ಗಿರಣಿಗೆ ಬೀಗ ಬಿತ್ತು. ಅಂಗಡಿಗಳಲ್ಲಿದ್ದ ಡಬ್ಬಿಗಳೆಲ್ಲ ವಾಪಸಾದವು. ಅವನ್ನು ಲಾರಿಯಿಂದ ಇಳಿಸಿದವನು ಯಮನೂರಪ್ಪನೇ. ದಂಡವೂ ಆಯಿತು, ಕೋರ್ಟು ಕಚೇರಿಯೂ ಆಯಿತು. ಸಂಗಣ್ಣ ವಕೀಲರು ಹೇಳಿಕೊಟ್ಟ ಸುಳ್ಳು ಹೇಳದೆ ಎಲ್ಲವನ್ನೂ ಒಪ್ಪಿಕೊಂಡ. ಹುಲಗಿಗೂ ಕೂಸಿಗೂ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಆದರೆ ಆ ಡಬ್ಬಿಗಳು ಎಷ್ಟೋ ಊರಿಗೆ ಹೋಗಿದ್ದವು. ಎಲ್ಲ ಕೂಸುಗಳ ಸುದ್ದಿ ತಂದು ಹೇಳುವವರು ಯಾರು?

ಗಿರಣಿ ಮತ್ತೆ ಶುರುವಾಗಲು ಬಹಳ ಕಾಲ ಹಿಡಿಯಿತು. ಶುರುವಾದಾಗ ಮೊದಲಿಗಿಂತ ಚಿಕ್ಕದಾಗಿತ್ತು. ಬಾಳವ್ವ ಒಂದೇ ನಿಯಮ ಹಾಕಿದಳು. ದಿನಾ ಮಧ್ಯಾಹ್ನ ಧಣಿ, ಆಫೀಸಿನವರು, ಹಮಾಲರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಅಡುಗೆಯ ಎಣ್ಣೆ ಟಾಕಿಯದಲ್ಲ. ಯಮನೂರಪ್ಪ ಪೇಟೆಗೆ ಹೋಗಿ ಮನಸ್ಸಿಗೆ ಬಂದ ಅಂಗಡಿಯಿಂದ ಮನಸ್ಸಿಗೆ ಬಂದ ಬಾಳವ್ವ ಎಣ್ಣೆಯ ಡಬ್ಬಿ ಎತ್ತಿಕೊಂಡು ಬರಬೇಕು. ಯಾರಾದರೂ ಆವತ್ತು ಒಲ್ಲೆ ಅಂದರೆ ಮೊದಲು ಟಾಕಿಯ ಮುಚ್ಚಳ ತೆಗೆದು ನೋಡಬೇಕು, ಆಮೇಲೆ ಅವರ ಹೊಟ್ಟೆ ವಿಚಾರಿಸಬೇಕು.

ಆ ಗಿರಣಿಯಲ್ಲಿ ಈಗ ಯಾರಿಗೂ ಪಿತ್ತವಿಲ್ಲ. ಗುರುಪಾದಪ್ಪ ಎರಡನೆಯ ಸಲ ಭಜಿ ಕೇಳಿ ಹಾಕಿಸಿಕೊಳ್ಳುತ್ತಾನೆ, ಹೊಸಬರು ಬಂದರೆ ಚಹದ ಅಂಗಡಿಗೆ ಕರೆದೊಯ್ದು ಈ ಕತೆ ಹೇಳುತ್ತಾನೆ. ವಿಲಾಸರಾವ್ ಮಾತ್ರ ಇನ್ನೊಂದು ಗಿರಣಿ ಸೇರಿದ. ಅಲ್ಲಿ ಅವನು ಬುತ್ತಿ ಮನೆಯಿಂದಲೇ ಒಯ್ಯುತ್ತಾನಂತೆ.

ನೀತಿ: ಒಂದು ತಪ್ಪನ್ನು ಹತ್ತು ಜನ ಹಂಚಿಕೊಂಡರೆ ಯಾರ ಪಾಲೂ ಸಣ್ಣದಾಗುವುದಿಲ್ಲ, ಹತ್ತೂ ಜನ ಇಡೀ ತಪ್ಪನ್ನೇ ಹೊರುತ್ತಾರೆ. ಗೇಟಿನಲ್ಲಿ ಸಿಕ್ಕ ಬಾಟಲಿ ಮಾತ್ರ ಕಳ್ಳತನವಲ್ಲ, ಸಲಾಮು ಹೊಡೆಸಿಕೊಂಡು ಒಳಗೆ ಹೋದ ಟ್ಯಾಂಕರೂ ಕಳ್ಳತನವೇ. ಹೆತ್ತವಳ ಕೈ ಹಿಡಿದು ತಡೆಯುವಂಥದ್ದನ್ನು ಕಾಣದವರ ಕೈಗೆ ಕೊಡಬೇಡಿ. ನಿಮ್ಮ ಮನೆಯ ತಾಟಿಗೆ ಬಡಿಸಲಾರದ್ದನ್ನು ಊರ ತಾಟಿಗೆ ಬಡಿಸಬೇಡಿ.